ಬೆಂಗಳೂರಿನ ಪಾರ್ಕಿಗೆ ಬೆದ್ದಲು ಹೊಲದ ಲೆಕ್ಕ

ಕೃಷಿಕರ ಪತ್ರಿಕೆಯಲ್ಲಿ ಬೆಂಗಳೂರಿನ ಪಾರ್ಕಿನ ಸುದ್ದಿ ಯಾಕೆ ಎಂದು ಕೆಲವರಿಗೆ ಅನಿಸಬಹುದು. ಪೇಟೆಯವರ ಪಾರ್ಕು ಅವರ ಪಾಡಿಗಿರಲಿ, ನಮಗೇನು ಎಂದು ನನಗೂ ಮೊದಲು ಅನಿಸಿತ್ತು. ಆದರೆ ಒಂದು ಎಕರೆ ಐದು ಗುಂಟೆಯ ಆ ಪಾರ್ಕಿನಲ್ಲಿ ಎರಡು ಬೇಸಿಗೆ ಗುದ್ದಲಿ ಹಿಡಿದ ಮೇಲೆ, ನನ್ನ ಸ್ವಂತ ಹೊಲದಲ್ಲಿ ಮೂವತ್ತು ವರ್ಷದಿಂದ ಮಾಡುತ್ತಾ ಬಂದ ಒಂದು ತಪ್ಪು ಗೊತ್ತಾಯಿತು. ಅದನ್ನು ಹೇಳಬೇಕು ಅಂತ ಬರೆಯುತ್ತಿದ್ದೇನೆ.

ನಮ್ಮದು ಚಳ್ಳಕೆರೆ ಸೀಮೆ. ಮಳೆ ನಂಬಿದ ಶೇಂಗಾ ಹೊಲ, ಬದುವಿನ ಮೇಲೆ ಒಂದಿಷ್ಟು ಹೊಂಗೆ, ಬೇವು, ಹುಣಸೆ. ಸಂಕ್ರಾಂತಿ ಕಳೆದರೆ ಮುಂಗಾರಿನ ತನಕ ಹೆಚ್ಚಿನ ಕೆಲಸ ಇರೋದಿಲ್ಲ. 2023 ಅಂತೂ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಹೇಳಿದ ವರ್ಷ. ಕೀಳೋದಕ್ಕೆ ಶೇಂಗಾವೇ ಇರಲಿಲ್ಲ. 2024ರ ಜನವರಿಯಲ್ಲಿ ಮಗನ ಮನೆಗೆ ಹೋಗಿ ಕೂತೆ. ಬೆಳಗಿನ ಜಾವ ಐದಕ್ಕೆ ಎಚ್ಚರ ಆಗುತ್ತೆ, ಮಾಡೋಕೆ ಕೆಲಸ ಇಲ್ಲ. ಮನೆ ಹಿಂದಿನ ರಸ್ತೆಯಲ್ಲಿ ಪಾರ್ಕು. ಅಲ್ಲಿಗೆ ಹೋಗುವುದು ರೂಢಿಯಾಯಿತು.

ಅದು ಹೊಂಗೆ ಎಲೆ ಉದುರುವ ಕಾಲ. ಪಾರ್ಕಿನಲ್ಲಿ ಹದಿನಾಲ್ಕು ದೊಡ್ಡ ಹೊಂಗೆ ಇವೆ. ಮೂರು ಗುಲ್‌ಮೊಹರ್, ಎರಡು ಮಳೆಮರ, ಗೋಡೆಬದಿಗೆ ಮಹಾಗನಿ ಸಾಲು, ಎರಡು ಮಾವು, ನಡುವೆ ಹದಿನೆಂಟು ಗುಂಟೆಯಷ್ಟು ಹುಲ್ಲುಹಾಸು. ಮಾಲಿ ಮಧುಗಿರಿ ಕಡೆಯವನು. ಮೂರು ಬೋರು ಕೊರೆಸಿ ಮೂರೂ ಒಣಗಿದ ಮೇಲೆ ಜಮೀನು ಬಿಟ್ಟು ಬಂದವನು. ದಿನಾ ಬೆಳಿಗ್ಗೆ ಮರದ ಬುಡದ ತನಕ ಗುಡಿಸಿ, ಎಲೆಯನ್ನೆಲ್ಲ ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದ. ನಡೆಯಲು ಬಂದವರು ಮೂಗು ಮುಚ್ಚಿಕೊಂಡು ಆ ಕಡೆಯಿಂದ ಸುತ್ತು ಹಾಕುತ್ತಿದ್ದರು.

"ಹೊಂಗೆ ಎಲೆ ಸುಡ್ತೀಯಲ್ಲೋ ತಮ್ಮಾ, ಊರಲ್ಲಿ ಹೊಲಕ್ಕೆ ಹೊಂಗೆ ಸೊಪ್ಪು ಹಾಕಿದೋನಲ್ವ ನೀನು" ಅಂದೆ.

"ಹಾಕಿದೀನಿ ಯಜಮಾನ್ರೆ. ಇಲ್ಲಿ ನೆಲದ ಮೇಲೆ ಒಂದು ಎಲೆ ಕಂಡ್ರೆ ಕೆಲ್ಸ ಮಾಡಿಲ್ಲ ಅಂತಾರೆ. ಸುಟ್ರೆ ಹೊಗೆ ಅಂತ ಬೈತಾರೆ. ಗಾಡಿಯೋರು ಎಲೆ ತುಂಬ್ಕಳಲ್ಲ ಅಂತಾರೆ. ನಾನೇನ್ ಮಾಡ್ಲಿ?"

ಅವನ ಮಾತು ನ್ಯಾಯವೇ. ಆವತ್ತಿನಿಂದ ನಾವಿಬ್ಬರೂ ಸೇರಿ ಏನಾದರೂ ಮಾಡೋಣ ಅಂತ ಶುರುವಾಯಿತು.

ಒಂದು ಮಿಲಿಮೀಟರ್, ಒಂದು ಟ್ಯಾಂಕರ್

ಎಲೆಗಿಂತ ಮೊದಲು ನೀರಿನ ಲೆಕ್ಕ ಹೇಳುತ್ತೇನೆ. ಇದು ನಮ್ಮ ಹೊಲಕ್ಕೂ ಅನ್ವಯಿಸುತ್ತದೆ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಅಂದರೆ ಸುಮಾರು ನಾಲ್ಕು ಸಾವಿರ ಚದರ ಮೀಟರ್. ಹಾಗಾಗಿ ಎಕರೆಗೆ ಒಂದು ಮಿ.ಮೀ. ಮಳೆ ಅಂದರೆ ನಾಲ್ಕು ಸಾವಿರ ಲೀಟರ್, ಒಂದು ಸಣ್ಣ ಟ್ಯಾಂಕರು. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ 970 ಮಿ.ಮೀ. ಆಸುಪಾಸು. ಆ ಪಾರ್ಕಿನ ಮೇಲೆ ವರ್ಷಕ್ಕೆ ಬೀಳುವ ನೀರು 44 ಲಕ್ಷ ಲೀಟರ್. ನಮ್ಮ ಕಡೆ ಇದರ ಅರ್ಧ ಬಿದ್ದರೆ ಅದೇ ದೊಡ್ಡದು, ಅಷ್ಟರಲ್ಲೇ ಸಂಸಾರ ನಡೆಸುತ್ತೇವೆ. ಇಷ್ಟು ಮಳೆ ಬೀಳುವ ಜಾಗಕ್ಕೆ ಟ್ಯಾಂಕರಿನಲ್ಲಿ ನೀರು ಬರುತ್ತಿತ್ತು!

ಖರ್ಚಿನ ಕಡೆ ನೋಡಿ. ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಬೇಕಾದರೆ ಚದರ ಮೀಟರಿಗೆ ದಿನಕ್ಕೆ ಐದು ಲೀಟರ್ ಬೇಕು. ಹದಿನೆಂಟು ಗುಂಟೆಗೆ ಒಂಬತ್ತು ಸಾವಿರ ಲೀಟರ್ ಆಯಿತು. ಫೆಬ್ರವರಿಯಿಂದ ಮೇ ತನಕ ನೂರು ದಿನ ಹಿಡಿದರೂ ಒಂಬತ್ತು ಲಕ್ಷ ಲೀಟರ್. ಇದು ಬರೀ ಹುಲ್ಲಿಗೆ. ಮರಗಳಿಗೆ ಯಾರೂ ನೀರು ಬಿಡುತ್ತಿರಲಿಲ್ಲ, ಬಿಡಬೇಕಾಗಿಯೂ ಇಲ್ಲ. ಇಪ್ಪತ್ತು ವರ್ಷದ ಹೊಂಗೆ ತನ್ನ ನೀರು ತಾನು ಹುಡುಕಿಕೊಳ್ಳುತ್ತದೆ, ನೆಲ ಇಂಗಿಸಿದ್ದರೆ.

ನೆಲ ಇಂಗಿಸುತ್ತಿರಲಿಲ್ಲ, ಅದೇ ಕಷ್ಟ. ಬಡಾವಣೆ ಮಾಡುವಾಗ ಕಟ್ಟಡದ ಚೂರು, ಜಲ್ಲಿ ಎಲ್ಲ ಅಲ್ಲೇ ತುಂಬಿ ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹರಡಿದ್ದಾರೆ. ಅದನ್ನು ವರ್ಷಗಟ್ಟಲೆ ಗುಡಿಸಿ ಗುಡಿಸಿ ಕಣದ ಹಾಗೆ ಆಗಿದೆ. ಒಂದು ಅಡಿ ಆಳದ ಗುಂಡಿ ತೆಗೆದು ಕೊಡ ನೀರು ಸುರಿದು ನೋಡಿದೆವು. ಹುಲ್ಲುಹಾಸಿನ ಅಂಚಿನಲ್ಲಿ ನೀರು ಇಂಗಲು ಆರು ಗಂಟೆ ಹಿಡಿಯಿತು. ಮೂಲೆಯಲ್ಲಿ ಯಾರೂ ಗುಡಿಸದ ಅತ್ತಿಮರದ ಕೆಳಗೆ ಇಪ್ಪತ್ತು ನಿಮಿಷಕ್ಕೆ ಇಂಗಿತು. ಒಂದೇ ಪಾರ್ಕು, ಒಂದೇ ಮಣ್ಣು, ಎಲೆ ಇದ್ದದ್ದು ಇಲ್ಲದ್ದು ಅಷ್ಟೇ ವ್ಯತ್ಯಾಸ. ನೀವೂ ನಿಮ್ಮ ಹೊಲದಲ್ಲಿ, ಬದುವಿನ ಮೇಲೆ ಒಂದು, ಉಳುವ ಜಾಗದಲ್ಲಿ ಒಂದು ಗುಂಡಿ ತೆಗೆದು ನೋಡಿ. ಖರ್ಚಿಲ್ಲದ ಪರೀಕ್ಷೆ.

ಇನ್ನು ಮರದ ಬುಡಕ್ಕೆ ಒತ್ತಿ ಸಿಮೆಂಟ್ ಟೈಲ್ಸ್ ಹಾಕುವ ಚಾಳಿ ಬೇರೆ. ದೆಹಲಿಯಲ್ಲಿ 2013ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಮರದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ತೆಗೆಯಿರಿ ಎಂದು ಆದೇಶ ಮಾಡಿತ್ತು. ನಮ್ಮ ಪಾರ್ಕಿನಲ್ಲಿ ಐದು ಹೊಂಗೆಯ ಬುಡ ಬಿಡಿಸಲು ನಾವು ಅರ್ಜಿ ಬರೆದು ಎರಡು ತಿಂಗಳು ಕಾದೆವು. ಕೊನೆಗೆ ಬಾಯಿಮಾತಿನ ಒಪ್ಪಿಗೆ ಸಿಕ್ಕಿತು. ಪಿಕಾಸಿ ಹಿಡಿದು ಒಂದು ದಿನದಲ್ಲಿ ಮುಗಿಸಿದೆವು.

ನಾನು ಮಾಡಿದ ತಪ್ಪು

ಎಲೆಯ ವಿಷಯದಲ್ಲಿ ನನಗೆ ಎಲ್ಲ ಗೊತ್ತು ಅನ್ನುವ ಧೈರ್ಯ. ಫೆಬ್ರವರಿಯಲ್ಲಿ ಮಾಲಿಗೆ ಹೇಳಿದೆ, "ದಾರಿ ಮಾತ್ರ ಗುಡಿಸು, ಮಿಕ್ಕಿದ್ದೆಲ್ಲ ಗಿಡದ ಪಾತಿಗೆ ಹಾಕು." ಹಿಂದಿನ ವರ್ಷ ಯಾರೋ ನೆಟ್ಟುಹೋದ ಮೂವತ್ತೊಂದು ಸಸಿಗಳಿದ್ದವು. ನೇರಳೆ, ಹಿಪ್ಪೆ, ಸಂಪಿಗೆ, ಬೇವು. ಅವುಗಳ ಬುಡಕ್ಕೆ ಒಂದೊಂದು ಅಡಿ ದಪ್ಪ ಒಣ ಎಲೆ ತುಂಬಿದೆವು. ನೋಡೋಕೆ ಚೆಂದವಾಗೇ ಇತ್ತು.

ಮಾರ್ಚಿನಲ್ಲಿ ಪಾರ್ಕಿನ ಬೋರು ನಿಂತಿತು. ಆ ಬೇಸಿಗೆ ಬೆಂಗಳೂರಿಗೆ ಏನಾಯಿತು ಅನ್ನೋದು ಎಲ್ಲರಿಗೂ ಗೊತ್ತಿದೆ. ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ ಐದು ಸಾವಿರ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಟ್ಯಾಂಕರೂ ನಿಂತಿತು. ಏಪ್ರಿಲ್ ತಿಂಗಳಿಡೀ ಒಂದು ಹದ ಮಳೆಯಿಲ್ಲ. ಅಶ್ವಿನಿ ಪೂರ್ತಿ ಒಣಗಿಹೋಯಿತು. ಮೇ ಮೊದಲ ವಾರದಲ್ಲಿ, ಭರಣಿಯಲ್ಲಿ, ಮಳೆ ಬಂತು. ಎರಡು ಮೂರು ದಿನ ಸಂಜೆ ಹೊತ್ತು ಸಣ್ಣ ಸಣ್ಣ ಮಳೆ. ಜನ ಬೀದಿಗಿಳಿದು ಕುಣಿದರು.

ಮೂರನೇ ದಿನ ಪಾತಿಯ ಎಲೆ ಸರಿಸಿ ಬೆರಳು ಇಟ್ಟು ನೋಡಿದೆ. ಮೇಲೆ ಎಲೆ ಒದ್ದೆ, ಕೆಳಗೆ ಎಲೆ ಒಣಗು, ಮಣ್ಣು ಬೂದಿ. ಪಕ್ಕದಲ್ಲಿ ಎಲೆ ಇಲ್ಲದ ಬರಿನೆಲದಲ್ಲಿ ನಾಲ್ಕು ಬೆರಳು ಹಸಿ! ನಾನು ಹಾಕಿದ ಎಲೆಯೇ ಛತ್ರಿಯಾಗಿ ಮಳೆಯನ್ನು ತಡೆದಿತ್ತು. ಅಷ್ಟರಲ್ಲಿ ಒಂಬತ್ತು ಸಸಿ ಸತ್ತಿದ್ದವು. ಎರಡರ ಕಾಂಡಕ್ಕೆ ಎಲೆ ತಾಗಿಕೊಂಡು ಗೆದ್ದಲು ತೊಗಟೆ ತಿಂದಿತ್ತು. ನೀರಿಲ್ಲದೆ ಸತ್ತವೆಷ್ಟು, ನನ್ನ ಬುದ್ಧಿಯಿಂದ ಸತ್ತವೆಷ್ಟು ಅಂತ ಬಿಡಿಸಿ ಹೇಳಲಾರೆ. ಮಾಲಿ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಆವತ್ತು ರಾತ್ರಿ ಕೂತು ಯೋಚನೆ ಮಾಡಿದೆ. ಮುಚ್ಚಿಗೆ ಹಾಕುವುದು ಇರುವ ಹಸಿ ಆರದಿರಲಿ ಎಂದು. ಹಸಿಯೇ ಇಲ್ಲದ ನೆಲಕ್ಕೆ ಮುಚ್ಚಿದರೆ ಏನು ಕಾಪಾಡುತ್ತದೆ? ಒಣಗನ್ನು ಕಾಪಾಡುತ್ತದೆ. ನಮ್ಮ ಸೀಮೆಯ ಮರಗಳು ಎಲೆ ಉದುರಿಸುವುದು ಮಾಘ, ಫಾಲ್ಗುಣದಲ್ಲಿ, ನೆಲ ಒಣಗಿರುವಾಗ. ನೆಲಕ್ಕೆ ಹೊದಿಕೆ ಬೇಕಾಗುವುದು ಸ್ವಾತಿ, ವಿಶಾಖೆಯಲ್ಲಿ, ಮಳೆ ಹಿಂದೆ ಸರಿಯುವಾಗ. ನಡುವೆ ಎಂಟು ತಿಂಗಳು. ಆ ಎಂಟು ತಿಂಗಳು ಎಲೆಯನ್ನು ಎಲ್ಲಾದರೂ ಇಡಬೇಕು.

ಊರಲ್ಲಿ ನಾನು ಮಾಡುತ್ತಿದ್ದುದೂ ಇದೇ ಅಲ್ಲವೆ! ಬೇಸಿಗೆಯಲ್ಲಿ ಬದುವಿನ ಹೊಂಗೆ, ಬೇವಿನ ಎಲೆ ಗುಡಿಸಿ ಸೀತಾಫಲ, ಹುಣಸೆ ಪಾತಿಗೆ ಸುರಿಯುತ್ತಿದ್ದೆ. ಆಷಾಢದ ಗಾಳಿಗೆ ಅರ್ಧ ಹಾರಿಹೋಗುತ್ತಿತ್ತು, ಅರ್ಧ ಗೆದ್ದಲ ಪಾಲು. ಹಿಂಗಾರು ಮುಗಿಯುವ ಹೊತ್ತಿಗೆ ಪಾತಿ ಬೋಳು. ಗಿಡಕ್ಕೆ ಎಲೆ ಹಾಕಿದೆ ಅನ್ನುವ ಸಮಾಧಾನ ನನಗೆ, ಗಿಡಕ್ಕೆ ಏನೂ ಇಲ್ಲ.

ಎಲೆ ಬೋನು

ಮೇ ತಿಂಗಳಲ್ಲೇ ಪಾತಿಯ ಎಲೆಯನ್ನೆಲ್ಲ ತೆಗೆದು ಬೋನು ಕಟ್ಟಿದೆವು. ಬೋನು ಅಂತ ಹೆಸರು ಇಟ್ಟವನು ಮಾಲಿ. ನಾಲ್ಕು ಅಡಿ ಎತ್ತರದ ತಂತಿ ಜಾಲರಿಯನ್ನು ನಾಲ್ಕು ಅಡಿ ಅಗಲಕ್ಕೆ ಸುತ್ತಿ, ಮೂರು ಗೂಟ ಹೊಡೆದು ನಿಲ್ಲಿಸುವುದು. ಜಾಲರಿ ಹದಿಮೂರು ಅಡಿ ಇದ್ದರೆ ಒಂದು ಬೋನಿಗೆ ಸಾಕು. ಮರದ ನೆರಳಿನಲ್ಲಿ, ಬರಿನೆಲದ ಮೇಲೆ ಇಡಬೇಕು. ಕೆಳಗೆ ಸಿಮೆಂಟ್ ಇದ್ದರೆ ಎರೆಹುಳ ಹತ್ತುವುದಿಲ್ಲ.

ಎಲೆಯಲ್ಲಿ ಎರಡು ಜಾತಿ ಮಾಡಿಕೊಂಡೆವು. ಹೊಂಗೆ, ಮಳೆಮರ, ಗುಲ್‌ಮೊಹರ್ ಎಲೆ ಬೇಗ ಕೊಳೆಯುತ್ತದೆ. ಅದನ್ನು ಬೇರೆ ಬೋನಿಗೆ ತುಂಬಿ, ಒಂದೊಂದು ಅಡಿಗೆ ಒಂದು ಬಕೆಟ್ ಸಗಣಿ ಬಗ್ಗಡ ಸುರಿದು ತುಳಿಯುವುದು. ಬೆಂಗಳೂರಲ್ಲಿ ಸಗಣಿ ಎಲ್ಲಿ ಅಂತೀರಾ? ಹಿಂದಿನ ಬೀದಿಯಲ್ಲಿ ನಾಲ್ಕು ಹಸು ಕಟ್ಟಿದ ಮನೆ ಇನ್ನೂ ಇದೆ. ಅವರಿಗೂ ಸಗಣಿ ಸಾಗಿಸೋದೇ ತಲೆನೋವು, ಪುಕ್ಕಟೆ ಕೊಟ್ಟರು. ಮೂರು ವಾರಕ್ಕೊಮ್ಮೆ ಬೋನು ಬಿಚ್ಚಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡಬೇಕು. ಹದ ನೋಡಲು ಒಂದು ಹಿಡಿ ತೆಗೆದು ಹಿಂಡಬೇಕು. ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ನಾತ ಹೊಡೆಯುತ್ತದೆ, ಒಣಗಿದರೆ ಹಾಗೇ ಕೂತಿರುತ್ತದೆ. ನಾಲ್ಕು ತಿಂಗಳಿಗೆ ಕಪ್ಪು ಗೊಬ್ಬರ. ನಾಲ್ಕು ಅಡಿ ತುಂಬಿದ್ದು ಒಂದು ಅಡಿಗೆ ಇಳಿಯುತ್ತದೆ. ಮೊದಲ ಸಲ ಮಾಲಿ, ಯಾರೋ ಕದ್ದಿದ್ದಾರೆ ಅಂದುಕೊಂಡಿದ್ದ.

ಮಹಾಗನಿ, ಮಾವಿನ ಎಲೆ ದಪ್ಪ, ನಿಧಾನ. ಅದಕ್ಕೆ ಸಗಣಿ ಬೇಡ, ಮಗುಚುವುದೂ ಬೇಡ. ಸುಮ್ಮನೆ ತುಂಬಿಸಿ ಬಿಡುವುದು. ಮುಂಗಾರಿನ ಮಳೆಗೆ ನೆನೆದು ನೆನೆದು ಅಕ್ಟೋಬರ್ ಹೊತ್ತಿಗೆ ಅರೆಕೊಳೆತು, ಒಂದಕ್ಕೊಂದು ಅಂಟಿ, ಚಾಪೆಯ ಹಾಗೆ ಆಗುತ್ತದೆ. ಮುಚ್ಚಿಗೆಗೆ ಇದೇ ಶ್ರೇಷ್ಠ. ಗಾಳಿಗೆ ಹಾರುವುದಿಲ್ಲ, ಬೀಡಿ ತುಂಡು ಬಿದ್ದರೆ ಫಕ್ಕನೆ ಹೊತ್ತುವುದಿಲ್ಲ, ಮೇಲೆ ಬಿದ್ದ ನೀರನ್ನು ಕೆಳಗೆ ಬಿಡುತ್ತದೆ.

ಹಾವು ಬರುತ್ತೆ ಎಂದು ಕೆಲವರು ಹೆದರಿದರು. ಮಕ್ಕಳು ಆಡುವ ಜಾಗದಿಂದ ಬೋನುಗಳನ್ನು ದೂರ ಇಟ್ಟೆವು, ಅಲ್ಲಿ ನೆಲ ಗುಡಿಸುವುದನ್ನೂ ಮುಂದುವರಿಸಿದೆವು. ಇಲ್ಲಿಯ ತನಕ ಹಾವು ಕಂಡಿಲ್ಲ. ಓತಿಕ್ಯಾತ ಬೇಕಾದಷ್ಟಿವೆ.

ಬಾಗಿಲ ಬಳಿಯ ಗುಂಡಿ

ಪಾರ್ಕಿನ ಇಳಿಜಾರು ಬಾಗಿಲ ಕಡೆಗೆ. ಮಳೆ ಬಂದರೆ ಎಲ್ಲ ನೀರೂ ಬಾಗಿಲಿಂದ ರಸ್ತೆಗೆ. ಇಳಿಜಾರಿಗೆ ಅಡ್ಡಲಾಗಿ ಗುಂಡಿ ತೆಗೆದೆವು. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಒಂದು ಗುಂಡಿಗೆ ಏಳುನೂರು ಲೀಟರಿಗೆ ತುಸು ಕಡಿಮೆ ಹಿಡಿಯುತ್ತದೆ. ಮರದ ಬುಡದಿಂದ ಹತ್ತು ಅಡಿ ಬಿಟ್ಟು ತೆಗೆದರೆ ದೊಡ್ಡ ಬೇರು ಕಡಿಯುವುದು ತಪ್ಪುತ್ತದೆ. ಬೇರು ಕಂಡರೆ ಗುಂಡಿಯನ್ನೇ ಪಕ್ಕಕ್ಕೆ ಸರಿಸಬೇಕು. ಮಗು ಬಿದ್ದೀತು ಎಂದು ಗುಂಡಿಗಳಿಗೆ ಅಂಚಿನ ತನಕ ಒರಟು ಎಲೆ, ಸಣ್ಣ ರೆಂಬೆ ತುಂಬಿದೆವು. ಸೊಳ್ಳೆ ಮೊಟ್ಟೆ ಇಟ್ಟು, ಹುಳುವಾಗಿ ಹಾರಲು ಒಂದು ವಾರವಾದರೂ ಬೇಕು. ಎರಡು ದಿನದಲ್ಲಿ ನೀರು ಇಂಗಿಹೋಗುವ ಗುಂಡಿಯಿಂದ ಸೊಳ್ಳೆ ಕಾಟ ಇಲ್ಲ. ಇಂಗದೆ ನಿಂತರೆ ಅಲ್ಲಿ ಗುಂಡಿ ಇರಲೇಬಾರದು, ಮುಚ್ಚಿಬಿಡಬೇಕು.

ಎಂಟು ಗುಂಡಿ ಸರಿಯಾಗಿ ಬಂದವು. ಒಂಬತ್ತನೆಯದನ್ನು ಬಾಗಿಲ ಹತ್ತಿರವೇ, ಎಲ್ಲ ನೀರು ಬರುವ ಜಾಗ ಅಂತ, ದೊಡ್ಡದಾಗಿ ತೋಡಿಸಿದವನು ನಾನು. 2024ರ ಜೂನ್ 2ರಂದು, ರೋಹಿಣಿಯಲ್ಲಿ, ಬೆಂಗಳೂರಲ್ಲಿ ಒಂದೇ ದಿನ 111 ಮಿ.ಮೀ. ಮಳೆ ದಾಖಲಾಯಿತು. ಅಷ್ಟೂ ನಮ್ಮ ಪಾರ್ಕಿನ ಮೇಲೆ ಬಿದ್ದಿದ್ದರೆ ಐದು ಲಕ್ಷ ಲೀಟರ್. ಎಂಟು ಗುಂಡಿ ಎಲ್ಲಿಗೆ ಸಾಕು? ಆದರೆ ನಮ್ಮ ನೀರು ಹೊರಗೆ ಹೋಗುವ ಬದಲು ರಸ್ತೆಯ ಚರಂಡಿ ಉಕ್ಕಿ ನೀರು ಒಳಕ್ಕೆ ಬಂತು. ಬಾಗಿಲ ಗುಂಡಿ ಹೊಲಸು ನೀರಿನಿಂದ ತುಂಬಿ ನಾಲ್ಕು ದಿನ ನಾರಿತು. ಇಂಗಿಸುವ ನೀರು ನಮ್ಮ ನೆಲದ ಮೇಲೆ ಬಿದ್ದ ನೀರಾಗಿರಬೇಕು, ರಸ್ತೆಯ ನೀರಲ್ಲ. ಹೊಲದಲ್ಲಾದರೆ ಪಕ್ಕದವನ ಹೊಲದ ನೀರು ಬಂದರೆ ಮಣ್ಣೂ ಬರುತ್ತದೆ, ಲಾಭ. ಪೇಟೆಯಲ್ಲಿ ಬರುವುದು ಬೇರೆ. ಗುಂಡಿ ಮುಚ್ಚಿ, ಬಾಗಿಲಿಗೆ ಅಡ್ಡ ಅರ್ಧ ಅಡಿ ಎತ್ತರದ ದಿಂಡು ಕಟ್ಟಿಸಿ ನಾನು ಬಿತ್ತನೆಗೆ ಊರಿಗೆ ಹೊರಟೆ.

ಅದೇ ಮಳೆಯಲ್ಲಿ ಒಂದು ಗುಲ್‌ಮೊಹರ್ ಬುಡಸಮೇತ ಮಲಗಿತು. ಅದರ ಮರ ಮೊದಲೇ ಪೆಡಸು, ಬೇರು ಮೇಲ್ಮೇಲೆ. ಒಣ ಕೊಂಬೆ ತೆಗೆಸುವುದಿದ್ದರೆ ಮಾರ್ಚಿನೊಳಗೆ, ಅಶ್ವಿನಿ ಭರಣಿಯ ಗಾಳಿಗೆ ಮುಂಚೆ ಆಗಬೇಕು. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು, ಸ್ವಂತ ಹಿತ್ತಲಲ್ಲಿದ್ದರೂ. ನಾವು ಒಣ ಕೊಂಬೆಗೆ ಕೊಟ್ಟ ಅರ್ಜಿಗೆ ಆಳು ಬಂದದ್ದು ಮರ ಬಿದ್ದ ಮೇಲೆ.

ಗಿಡ ನೆಡುವ ದಿನ

ಬೆಂಗಳೂರಲ್ಲಿ ಎಲ್ಲರೂ ಗಿಡ ನೆಡುವುದು ಜೂನ್ 5ಕ್ಕೆ, ಪರಿಸರ ದಿನ. ಆ ದಿನಕ್ಕೆ ರೋಹಿಣಿ ಮಳೆ ನಡೆಯುತ್ತಿರುತ್ತದೆ. ಕೆಲವು ವರ್ಷ ಚೆನ್ನಾಗಿ ಬರುತ್ತದೆ. ಆದರೆ ಸರಾಸರಿ ನೋಡಿದರೆ ಬೆಂಗಳೂರಿಗೆ ಜೂನ್ ಮಳೆ ಮೇ ತಿಂಗಳಿಗಿಂತ ಕಡಿಮೆ. ಜೂನ್, ಜುಲೈಯಲ್ಲಿ ಗಾಳಿ ಜಾಸ್ತಿ, ಜಿಟಿಜಿಟಿ ಜಾಸ್ತಿ, ನೆಲ ನೆನೆಯುವುದು ಕಮ್ಮಿ. ಅತಿ ಹೆಚ್ಚು ಮಳೆ ಸೆಪ್ಟೆಂಬರಿನಲ್ಲಿ, ಸರಾಸರಿ ಇನ್ನೂರು ಮಿ.ಮೀ. ದಾಟುತ್ತದೆ. ಅಕ್ಟೋಬರಿನದೂ ಒಳ್ಳೆಯ ಮಳೆಯೇ. ಹಾಗಾಗಿ ಗುಂಡಿ ತೆಗೆಯುವುದು ಭರಣಿ ಕೃತ್ತಿಕೆಯಲ್ಲಿ, ಅದಕ್ಕೆ ಬೋನಿನ ಗೊಬ್ಬರ, ಮೇಲ್ಮಣ್ಣು ತುಂಬಿ ಎರಡು ಮಳೆ ಕುಡಿಸುವುದು. ನೆಡುವುದು ಪುಷ್ಯ, ಆಶ್ಲೇಷದಲ್ಲಿ, ಅಂದರೆ ಜುಲೈ ಕೊನೆಯಿಂದ ಆಗಸ್ಟ್ ನಡುವಿನ ತನಕ. ಆಮೇಲೆ ಮೂರು ತಿಂಗಳು ಮಳೆಯೇ ನೋಡಿಕೊಳ್ಳುತ್ತದೆ. ನಮ್ಮ ಚಳ್ಳಕೆರೆಗೂ ಹಿಂಗಾರೇ ಗಟ್ಟಿ, ಈ ಲೆಕ್ಕ ಅಲ್ಲಿಗೂ ಕೂಡಿಬರುತ್ತದೆ. ಮಲೆನಾಡು, ಕರಾವಳಿಯವರು ಇದನ್ನು ಅನುಸರಿಸಬೇಡಿ, ನಿಮ್ಮ ಮಳೆ ಬೇರೆ.

ಸತ್ತ ಸಸಿಗಳ ಜಾಗಕ್ಕೆ ಆಗಸ್ಟಿನಲ್ಲಿ ನೇರಳೆ, ಹಿಪ್ಪೆ, ಮುತ್ತುಗ ಬಂದವು. ಯಾವ ಮರ ಅನ್ನುವುದಕ್ಕೂ ಜಗಳ. ಹೂವಿನ ಮರ ಬೇಕು ಎಂದು ಹೆಂಗಸರು. ಅದೂ ತಪ್ಪಲ್ಲ. ವರ್ಷದ ಎಲ್ಲ ಕಾಲದಲ್ಲೂ ಒಂದಲ್ಲ ಒಂದು ಜಾತಿ ಹೂಬಿಡಬೇಕು ಎಂದು ಬೆಂಗಳೂರಿನ ಸಾಲುಮರ ಯೋಜಿಸಿದವರು ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಜರ್ಮನಿಯ ಕೃಂಬಿಗಲ್. ನಾನು ಹೇಳಿದ್ದು ಇಷ್ಟೆ, ಎಲೆ ಉದುರಿಸಿದರೆ ಗೊಬ್ಬರ, ಹಣ್ಣು ಬಿಟ್ಟರೆ ಹಕ್ಕಿಗೆ, ಹೂವೂ ಇರಲಿ. ಮುತ್ತುಗಕ್ಕೆ ಮೂರೂ ಕಡೆಯವರು ಒಪ್ಪಿದರು.

ಸ್ವಾತಿಯ ಹಸಿ

2024ರ ದೀಪಾವಳಿಗೆ ಮತ್ತೆ ಹೋದೆ. ಸ್ವಾತಿ ಮಳೆ ನಡೆಯುತ್ತಿತ್ತು. ಅದಕ್ಕೆ ಮುಂಚೆ ಚಿತ್ತೆಯಲ್ಲಿ ಜೋರು ಮಳೆಯಾಗಿ ನೆಲ ಒಂದೂವರೆ ಅಡಿ ಆಳದ ತನಕ ನೆನೆದಿತ್ತು. ಪಾತಿಯ ಕಳೆ ಬೀಜವಾಗುವ ಮೊದಲೇ ಕಿತ್ತು ಅಲ್ಲೇ ಹಾಕಿದೆವು. ಮೇಲ್ಮಣ್ಣನ್ನು ಎರಡು ಬೆರಳು ಆಳ ಕೆದಕಿದೆವು, ನಾವು ಎಡೆಕುಂಟೆ ಹೊಡೆಯುವ ಹಾಗೆ. ಅದರ ಮೇಲೆ ಒಂದು ಪುಟ್ಟಿ ಹೊಂಗೆ ಗೊಬ್ಬರ, ಅದರ ಮೇಲೆ ನಾಲ್ಕು ಬೆರಳು ದಪ್ಪ ಅರೆಕೊಳೆತ ಮಹಾಗನಿ ಎಲೆ. ಕಾಂಡದಿಂದ ಒಂದು ಗೇಣು ಬಿಟ್ಟು. ಮುಚ್ಚಿಗೆ ಅಡಿ ದಪ್ಪ ಬೇಕಿಲ್ಲ, ನಾಲ್ಕು ಬೆರಳು ಸಾಕು. ಹಸಿ ಇರುವಾಗ ಹಾಕಬೇಕು.

ಬೇಸಿಗೆಗೆ ಎರಡು ವರ್ಷದೊಳಗಿನ ಸಸಿಗೆ ಮಾತ್ರ ನೀರು ಎಂದು ಮಾಡಿದೆವು. ದಿನಾ ಪೈಪಿನಲ್ಲಿ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ. ಹತ್ತು ದಿನಕ್ಕೊಮ್ಮೆ ಒಂದು ಸಸಿಗೆ ಎರಡು ಕೊಡ, ಸಂಜೆ ಹೊತ್ತು, ಕಾಂಡಕ್ಕಲ್ಲ, ಪಾತಿಯ ಅಂಚಿಗೆ. ನಾಲ್ಕು ಸಂಪಿಗೆಗೆ ಮಾತ್ರ ಮಡಕೆ ಹೂತೆವು. ಮೂವತ್ತೊಂದು ಸಸಿಗೆ ಹತ್ತು ದಿನಕ್ಕೆ ಹೆಚ್ಚೆಂದರೆ ಸಾವಿರ ಲೀಟರ್. ಹಿಂದೆ ಹುಲ್ಲಿಗೆ ಹತ್ತು ದಿನಕ್ಕೆ ತೊಂಬತ್ತು ಸಾವಿರ ಬೇಕಿತ್ತು.

2025ರ ಮಾರ್ಚಿನಲ್ಲಿ ಎಲೆ ಸರಿಸಿ ನೋಡಿದರೆ ಒಂದು ಗೇಣಿನ ಕೆಳಗೆ ಮಣ್ಣು ಉಂಡೆ ಕಟ್ಟುವಷ್ಟು ಹಸಿ ಇತ್ತು. ಮೂವತ್ತೊಂದರಲ್ಲಿ ಎರಡು ಹೋದವು. ಒಂದನ್ನು ಕ್ರಿಕೆಟ್ ಆಡುವ ಹುಡುಗರು ಮುರಿದರು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿಗೆ 300 ಮಿ.ಮೀ. ಮೀರಿ ಮಳೆಯಾಯಿತು, ಆಮೇಲೆ ನೀರಿನ ಮಾತೇ ಬರಲಿಲ್ಲ. ಹಾಗಾಗಿ ಎಲ್ಲ ನಮ್ಮ ಕೈಚಳಕ ಅಂತ ಹೇಳಲಾರೆ.

ಊರಲ್ಲೂ ಇದನ್ನೇ ಮಾಡಿದ್ದೇನೆ. ತಂತಿ ಜಾಲರಿಗೆ ದುಡ್ಡು ಯಾಕೆ, ತೊಗರಿ ಕಟ್ಟಿಗೆಯ ತಡಿಕೆ ಹೆಣೆದು ಬದುವಿನ ಮೇಲೆ ಆರು ಬೋನು ಮಾಡಿದೆ. ಬೇಸಿಗೆಯ ಎಲೆ ಅದರಲ್ಲಿ. 2025ರ ಸ್ವಾತಿಯಲ್ಲಿ ನಲವತ್ತು ಸೀತಾಫಲಕ್ಕೆ ಮುಚ್ಚಿದೆ. ಎರಡು ಬೋನಿಗೆ ಗೆದ್ದಲು ಬಿತ್ತು. ಅವು ಬೇವಿನ ನೆರಳು ಸಾಲದೆ ಒಣಗಿದವು. ಒದ್ದೆ ಇದ್ದ ನಾಲ್ಕಕ್ಕೆ ಬೀಳಲಿಲ್ಲ. ಮುಂದಿನ ಸಲ ಎಲ್ಲ ಬೋನಿಗೂ ಮೇಲೆ ಸೋಗೆ ಹೊದಿಸಬೇಕು ಅಂತಿದ್ದೇನೆ.

ಹುಲ್ಲಿನ ಜಗಳ

ಇನ್ನು ಹುಲ್ಲುಹಾಸು. 2024ರಲ್ಲಿ ನೀರಿಲ್ಲದೆ ಅದು ಪೂರ್ತಿ ಒಣಗಿತು. ಮೆಕ್ಸಿಕನ್ ಹುಲ್ಲು ಅಂತೆ. ಮಳೆ ಬಂದ ಮೇಲೆ ಅದರ ನಡುವೆ ತಾನಾಗಿಯೇ ಎದ್ದದ್ದು ಗರಿಕೆ! ನಮ್ಮಪ್ಪ ಗರಿಕೆ ಕೀಳುವುದರಲ್ಲೇ ಆಯುಷ್ಯ ಕಳೆದ. ಅದು ಸಾಯುವುದಿಲ್ಲ ಅನ್ನುವುದು ನಮಗೆ ಗೊತ್ತು. ಬೇಸಿಗೆಯಲ್ಲಿ ಒಣಗಿ ಕಂದಾಗುತ್ತದೆ, ಗೆಡ್ಡೆ ಒಳಗೆ ಬದುಕಿರುತ್ತದೆ, ಭರಣಿಯ ಮೊದಲ ಹನಿಗೆ ಹಸಿರು. ಅದನ್ನೇ ಬಿಡೋಣ, ಮೂರು ತಿಂಗಳು ಕಂದಾಗಿದ್ದರೆ ಏನು ನಷ್ಟ ಎಂದೆ.

ನಡಿಗೆಯವರಲ್ಲಿ ಒಬ್ಬ ಹಿರಿಯರು, ನಿವೃತ್ತರು, ಒಪ್ಪಲಿಲ್ಲ. "ಯಜಮಾನ್ರೆ, ನಿಮ್ಮೂರಲ್ಲಿ ಕಂದು ನೋಡಿ ನೋಡಿ ಸಾಕಾಗಿ ಜನ ಇಲ್ಲಿಗೆ ಬಂದಿರೋದು. ನಮಗೆ ಕಣ್ಣಿಗೆ ತಂಪು ಬೇಡ್ವಾ?" ಅಂದರು. ಮಾತಿನಲ್ಲಿ ಚುಚ್ಚು ಇತ್ತು, ನಿಜವೂ ಇತ್ತು. ಬೇಸಿಗೆಯಲ್ಲಿ ನಮ್ಮ ಹೊಲ ನೋಡಿದರೆ ನನಗೂ ಸಂತೋಷವಾಗುವುದಿಲ್ಲ. ಕಡೆಗೆ ಮಕ್ಕಳು ಆಡುವ ಕಡೆ ನಾಲ್ಕು ಗುಂಟೆ ಹುಲ್ಲನ್ನು ವರ್ಷವಿಡೀ ಹಸಿರಿಡುವುದು, ಅದಕ್ಕೆ ಶುದ್ಧಿ ಮಾಡಿದ ಚರಂಡಿ ನೀರು ತರಿಸುವುದು, ಮಿಕ್ಕ ಹದಿನಾಲ್ಕು ಗುಂಟೆ ಗರಿಕೆಗೆ ಬಿಡುವುದು ಎಂದಾಯಿತು. ಕಬ್ಬನ್ ಪಾರ್ಕು, ಲಾಲ್‌ಬಾಗಿನಲ್ಲೂ ಶುದ್ಧಿ ಮಾಡಿದ ನೀರನ್ನೇ ಗಿಡಕ್ಕೆ ಬಿಡುತ್ತಾರೆ. ಆ ನೀರಿನಲ್ಲಿ ಉಪ್ಪಿನಂಶ ಇರುತ್ತದೆ. ಹುಲ್ಲಿಗೆ ಪರವಾಗಿಲ್ಲ, ಸಂಪಿಗೆಯಂಥ ಎಳೆ ಸಸಿಗೆ ನಾವು ಹಾಕಿಲ್ಲ.

ಈಗಿನ ತೊಡಕು ಬೇರೆ. ಪಾರ್ಕಿನ ನಿರ್ವಹಣೆ ಗುತ್ತಿಗೆ. ಗುತ್ತಿಗೆಯ ಪಟ್ಟಿಯಲ್ಲಿ ಹುಲ್ಲುಹಾಸು ಇಷ್ಟು ಚದರ ಮೀಟರ್, ಕತ್ತರಿಸುವುದು ತಿಂಗಳಿಗೆ ಇಷ್ಟು ಸಲ, ಗುಡಿಸುವುದು ದಿನಾ ಎಂದು ಬರೆದಿರುತ್ತದೆ. ದುಡ್ಡು ಅದರ ಮೇಲೆ. ಎಲೆ ಉಳಿಸಿದ್ದಕ್ಕೆ, ಗೊಬ್ಬರ ಮಾಡಿದ್ದಕ್ಕೆ, ನೀರು ಇಂಗಿಸಿದ್ದಕ್ಕೆ ಅದರಲ್ಲಿ ಸಾಲೇ ಇಲ್ಲ. ಅಳತೆಗೆ ಬಂದವರು ಹದಿನಾಲ್ಕು ಗುಂಟೆ ಹುಲ್ಲು ಕಮ್ಮಿ ಎಂದು ಬರೆದುಕೊಂಡು ಹೋದರು. ಗುತ್ತಿಗೆದಾರ ಅದನ್ನು ಮಾಲಿಯ ಸಂಬಳದಲ್ಲಿ ಹಿಡಿದ. ನೀರು ಉಳಿಸಿದ್ದು ಅವನು, ದುಡ್ಡು ಹೋದದ್ದೂ ಅವನದೇ. ಬೀದಿಯವರು ಒಟ್ಟಾಗಿ ಆ ತಿಂಗಳ ಕೊರತೆ ತುಂಬಿಕೊಟ್ಟರು. ಆ ಹಿರಿಯರೇ ಎಲ್ಲರಿಗಿಂತ ಮೊದಲು ಕೊಟ್ಟರಂತೆ. ಪಟ್ಟಿಯಲ್ಲಿ ಎರಡು ಸಾಲು ಬದಲಿಸಿ ಎಂದು ನಲವತ್ತೆರಡು ಜನರ ಸಹಿ ಹಾಕಿಸಿ ಅರ್ಜಿ ಹೋಗಿದೆ. ಉತ್ತರ ಬಂದಿಲ್ಲ.

ಮೊನ್ನೆ ಮಾಲಿ ಫೋನ್ ಮಾಡಿದ್ದ. ಹೊಂಗೆ ಎಲೆ ಹಣ್ಣಾಗಲು ಶುರುವಾಗಿದೆ ಅಂತೆ. ಹಳೆಯ ಏಳು ಬೋನು ಖಾಲಿ ಮಾಡಿ ತೊಳೆದಿಟ್ಟಿದ್ದಾನೆ. ಇನ್ನೆರಡಕ್ಕೆ ಜಾಲರಿ ಸಾಲದು. "ಬರ್ತಾ ಊರಿಂದ ತೊಗರಿ ಕಟ್ಟಿಗೆ ತಡಿಕೆ ಎರಡು ತನ್ನಿ ಯಜಮಾನ್ರೆ, ಬಸ್ಸಿನ ಮೇಲೆ ಹಾಕಿದ್ರೆ ಆಯ್ತದೆ" ಅಂದ. ಹೆಣೆಯೋಕೆ ಕೂತಿದ್ದೇನೆ.